ಬಾಯಮ್ಮನ ಟೀಮು, ನನ್ನ ಚೆನ್ನೆಮಣೆ

ಆದ್ಯಾ, ನಿಹಾಲ್,

ಇದನ್ನು ನೀವು ಈಗಲೇ ಓದಲಾರಿರಿ ಎಂದು ನನಗೆ ಗೊತ್ತು. ಆದ್ಯಾ ಅಕ್ಷರ ಕೂಡಿಸಿ ಓದುತ್ತಾಳೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ. ನಿಹಾಲನಿಗೆ ತನ್ನ ಹೆಸರು ಬರೆಯಲು ಬರುತ್ತದೆ, ಅಷ್ಟೆ. ಆದರೂ ಬರೆಯುತ್ತೇನೆ. ನಾನು ಓದಿದ್ದು ಊರಿನ ಶಾಲೆಯಲ್ಲಿ, ಏಳನೆಯ ಕ್ಲಾಸಿನವರೆಗೆ. ಬರೆಯಲು ಬರುವುದು ಈ ಒಂದು ಭಾಷೆ. ನಾಲ್ಕು ಜನರೆದುರು ಮಾತಾಡಲು ನಾಚುವವಳಿಗೆ ಕಾಗದವೇ ಸುಲಭ.

ಕಳೆದ ಗುರುವಾರ ಬಾಯಮ್ಮ ಊರಿಗೆ ಹೋದರು. ಕೆಲಸದಿಂದ ನಿವೃತ್ತಿಯಾಯಿತು, ವೀಸಾ ಕ್ಯಾನ್ಸಲ್ ಆಯಿತು, ಎರಡು ಸೂಟ್‌ಕೇಸು ಕಟ್ಟಿಕೊಂಡು ಹೊರಟರು. ನೀವಿಬ್ಬರೂ ಅವರನ್ನು 'ಕೋಚ್ ಆಂಟಿ' ಎನ್ನುತ್ತಿದ್ದಿರಿ. ನಮ್ಮ ಊರಿನ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಮ್ಮ ಎಂದು ಕರೆಯುತ್ತೇವೆ, ಹಾಗಾಗಿ ನನಗೆ ಅವರು ಬಾಯಮ್ಮ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಟೂರ್ನಮೆಂಟಿನಲ್ಲಿ ಮೈಕಿನವರು ಹೆಸರು ಕೇಳಿದರೂ ಕೊಡುತ್ತಿರಲಿಲ್ಲ. "ಆಡಿದವರ ಹೆಸರು ಹೇಳಿ ಮಾರಾಯ್ರೆ, ನನ್ನದೆಂತಕ್ಕೆ" ಎಂದು ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಅವರು ದುಬೈಯ ಅಲ್ ಕುಸೈಸಿನಲ್ಲಿ ನಮ್ಮ ಮನೆಯ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದರು. ನಿಮ್ಮ ಅಜ್ಜ ತೀರಿಕೊಂಡ ವರ್ಷ ನಿಮ್ಮ ಅಪ್ಪ ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದ. ಬಂದ ತಿಂಗಳಲ್ಲೇ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಅಲ್ಲಿಗೆ ಹೋದೆ. ಸೂಜಿ ಕಂಡರೆ ನನಗೆ ಹೆದರಿಕೆ. ಬಾಯಮ್ಮ ನನ್ನ ಮುಖ ನೋಡಲಿಲ್ಲ, ಮೊಣಕೈ ಒತ್ತಿ ನರ ಹುಡುಕುತ್ತಾ, "ಅಕ್ಕಾ, ಎದುರಿನ ಗೋಡೆಯಲ್ಲಿ ಎಷ್ಟು ಟೈಲ್ಸ್ ಉಂಟು, ಸ್ವಲ್ಪ ಎಣಿಸಿ" ಎಂದರು. ಎಣಿಸಿ ಮುಗಿಯುವಷ್ಟರಲ್ಲಿ ಹತ್ತಿಯೂ ಒತ್ತಿ ಆಗಿತ್ತು. ನಾನು ಲೆಕ್ಕ ಹೇಳಿದೆ. ಸ್ವಿಚ್ಚಿನ ಹತ್ತಿರ ಕತ್ತರಿಸಿ ಹಾಕಿದ ಅರ್ಧ ಟೈಲ್ಸುಗಳನ್ನು ಬೇರೆಯಾಗಿ ಹೇಳಿದೆ. ಅವರು ಆಗ ನನ್ನ ಮುಖ ನೋಡಿದರು.

"ಇಷ್ಟು ವರ್ಷದಲ್ಲಿ ಯಾರೂ ನನಗೆ ಉತ್ತರ ಕೊಟ್ಟದ್ದಿಲ್ಲ" ಎಂದರು. ತಮ್ಮ ತ್ರೋಬಾಲ್ ಟೀಮಿನಲ್ಲಿ ಆಡುವ ನಿಮ್ಮ ಅಮ್ಮ ನನ್ನ ಸೊಸೆಯೆಂದು ತಿಳಿದಾಗ, ಶನಿವಾರ ಅವಳ ಜೊತೆ ನನಗೂ ಬರಲು ಹೇಳಿದರು. ನನಗೇನು ಕೆಲಸ ಅಲ್ಲಿ ಎಂದು ಕೇಳಿದ್ದಕ್ಕೆ, ಎಣಿಸುವ ಕೆಲಸ ಎಂದರು.

ಆ ಟೀಮಿನ ಅವಸ್ಥೆ ಹೇಳುತ್ತೇನೆ. ಇಲ್ಲಿ ನಮ್ಮ ಕರಾವಳಿಯವರು ಪ್ರತಿ ಚಳಿಗಾಲದಲ್ಲಿ ಹೆಂಗಸರ ತ್ರೋಬಾಲ್ ಟೂರ್ನಮೆಂಟ್ ಮಾಡುತ್ತಾರೆ. ಒಂದೊಂದು ತಾಲೂಕಿನ ಕಡೆಯವರದ್ದು ಒಂದೊಂದು ಟೀಮು. ಬೆಳ್ತಂಗಡಿ ಕಡೆಯವರಾದ ನಮ್ಮದಕ್ಕೆ ದುಡ್ಡು ಹಾಕುವವರು ಯಾರೂ ಇರಲಿಲ್ಲ. ಬಾಯಮ್ಮ ಅಂಗಡಿಯಿಂದ ಬಿಳಿ ಪ್ಲಾಸ್ಟರ್ ಪಟ್ಟಿ ತಂದು ನೀಲಿ ಬನಿಯನ್ನುಗಳ ಬೆನ್ನಿಗೆ ನಂಬರ್ ಅಂಟಿಸುತ್ತಿದ್ದರು. ಒಗೆದರೆ ನಂಬರ್ ಹೋಗುತ್ತಿತ್ತು, ಪುನಃ ಅಂಟಿಸುವುದು. ಒಮ್ಮೆ ಆಟದ ಮಧ್ಯದಲ್ಲಿ ಎಂಟರ ಮೇಲಿನ ಸುತ್ತು ಕಿತ್ತುಹೋಗಿ ರೆಫರಿಗೆ ಗೊಂದಲವಾಯಿತು. ಅಭ್ಯಾಸಕ್ಕೆ ಮೈದಾನವಿಲ್ಲ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಒಂದು ಟೈಲ್ಸ್ ಗೋದಾಮು, ಅಲ್ಲಿ ನಮ್ಮ ಆಟಗಾರ್ತಿಯೊಬ್ಬಳ ಗಂಡ ಸ್ಟೋರ್‌ಕೀಪರ್. ಶನಿವಾರ ಅರ್ಧ ಭಾಗ ಖಾಲಿ ಇರುತ್ತಿತ್ತು. ಎರಡು ಕಬ್ಬಿಣದ ರ‍್ಯಾಕುಗಳ ನಡುವೆ ನೆಟ್ ಕಟ್ಟುತ್ತಿದ್ದರು.

ಆಡುವವರೋ, ಹೆಚ್ಚಿನವರಿಗೆ ನಲವತ್ತು ದಾಟಿತ್ತು. ಮೊದಲು ಗೆದ್ದವರೇ, ಆದರೆ ಈಗ ಮೊಣಕಾಲು ನೋವು. ಹಿಂದಿನ ವರ್ಷ ಎಲ್ಲರಿಗಿಂತ ಕೊನೆಗೆ ಬಂದಿದ್ದರು. ಕಮಿಟಿಯವರ ನಿಯಮ ಹೀಗಿತ್ತು: ಸತತ ಮೂರು ವರ್ಷ ಕೊನೆಗೆ ಬಂದ ಟೀಮಿನ ಜಾಗ ಕಾಯುತ್ತಿರುವ ಬೇರೆ ಟೀಮಿಗೆ ಹೋಗುತ್ತದೆ. ಒಂದು ವರ್ಷ ಆಗಿಹೋಗಿತ್ತು. ಇನ್ನು ಎರಡು ಬಾಕಿ.

ಜಾಗ ಹೋದರೆ ಏನು, ಆಟ ತಾನೇ ಎಂದು ನಿಮಗೆ ಅನಿಸಬಹುದು. ವಾರವಿಡೀ ಫ್ಲಾಟಿನ ಬಾಗಿಲು ಹಾಕಿಕೊಂಡು ಇರುವ ಹೆಂಗಸರಿಗೆ ಆ ಶನಿವಾರ ಒಂದೇ ಇತ್ತು. ನನಗೂ ಅದೊಂದೇ. ಅಜ್ಜ ಹೋದ ಮೇಲೆ ನಾನು ಯಾರಿಗಾದರೂ ಬೇಕಾದವಳು ಎಂದು ಅನಿಸಿದ್ದು ಆ ಗೋದಾಮಿನಲ್ಲಿ.

ಬಾಯಮ್ಮನಿಗೆ ಬೇಕಾಗಿದ್ದದ್ದು ಯಾರು ಎಷ್ಟು ಸಲ ಚೆಂಡು ಬಿಡುತ್ತಾರೆ ಎಂಬ ಲೆಕ್ಕ. ತ್ರೋಬಾಲಿನಲ್ಲಿ ಎರಡೂ ಕೈಯಿಂದ ಒಂದೇ ಸಲಕ್ಕೆ ಹಿಡಿಯಬೇಕು, ಕೈ ಜಾರಿದರೆ ಪಾಯಿಂಟ್ ಹೋಯಿತು. ಅವರು ಮೊದಲು ನೋಟ್‌ಬುಕ್ಕಿನಲ್ಲಿ ಬರೆದು ನೋಡಿದ್ದರಂತೆ. ಒಬ್ಬರು ಇಣುಕಿ ಓದುವುದು, ಇನ್ನೊಬ್ಬರು ಮುನಿಸಿಕೊಳ್ಳುವುದು. ನಾನು ಮರುವಾರ ಊರಿನಿಂದ ತಂದಿದ್ದ ಚೆನ್ನೆಮಣೆಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ನೀವಿಬ್ಬರೂ ಆಡುತ್ತೀರಲ್ಲ, ಅದೇ ಮಣೆ. ಒಂದು ಸಾಲಿಗೆ ಏಳು ಗುಳಿ. ತ್ರೋಬಾಲ್ ಟೀಮಿನಲ್ಲೂ ಏಳೇ ಜನ. ಚೆಂಡು ಬಿದ್ದಾಗ ಬಿಟ್ಟವಳ ಗುಳಿಗೆ ಚೆನ್ನೆಯ ಒಂದು ಕೆಂಪು ಮಂಜೊಟ್ಟಿ ಕಾಳು ಹಾಕುವುದು. ಮೂಲೆಯಲ್ಲಿ ಕೂತು ಅಜ್ಜಿಯೊಬ್ಬಳು ತನ್ನಷ್ಟಕ್ಕೆ ಚೆನ್ನೆ ಆಡುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ನಿಮ್ಮ ಅಮ್ಮನೂ ಹಾಗೆಯೇ ತಿಳಿದಳು. ಬಾಯಮ್ಮ ಕೊನೆಗೆ ಬಂದು ನೀರು ಕುಡಿಯುವ ನೆಪದಲ್ಲಿ ಬಗ್ಗಿ ನೋಡಿ ಹೋಗುತ್ತಿದ್ದರು.

ಚೆಂಡು ಬಿಟ್ಟವರನ್ನು ಅವರು ಬೈದದ್ದು ನಾನು ಕೇಳಲಿಲ್ಲ. "ಖಲಾಸ್" ಎನ್ನುತ್ತಿದ್ದರು, ಆಯಿತು ಮುಗಿಯಿತು ಎನ್ನುವ ಹಾಗೆ. ಗೆದ್ದಾಗಲೂ ಅದೇ ಮಾತು, ಅದೇ ಸ್ವರ. ಇನ್ನೊಂದು ಅಭ್ಯಾಸವಿತ್ತು. ಹೊಸಬರು ಯಾರು ಸಿಕ್ಕಿದರೂ ಕೈ ಕುಲುಕಿ ಹಾಗೆಯೇ ಮಣಿಕಟ್ಟು ಹಿಡಿದು ಒತ್ತುತ್ತಿದ್ದರು. ಅದು ಕೆಲಸದಿಂದ ಬಂದ ಅಭ್ಯಾಸವೋ, ಆಟಗಾರರನ್ನು ಹುಡುಕುವ ಆಸೆಯೋ ಗೊತ್ತಿಲ್ಲ. ಲಿಫ್ಟಿನಲ್ಲಿ ಸಿಕ್ಕಿದ ಹುಡುಗಿಯರಿಗೂ ಹೀಗೆ ಮಾಡಿ ಒಮ್ಮೆ ಒಬ್ಬಳ ತಾಯಿಯಿಂದ ಬೈಸಿಕೊಂಡಿದ್ದರು.

ಇನ್ನು ನಾನು ಮಾಡಿದ ತಪ್ಪು.

ನಿಮ್ಮ ಅಮ್ಮನ ಎಸೆತ ಟೀಮಿನಲ್ಲೇ ಜೋರು. ಹಿಡಿಯುವುದರಲ್ಲಿ ಮಾತ್ರ ಒಂದು ಕಷ್ಟ ಇತ್ತು. ಎಡ ಮೊಣಕಾಲಿನ ಹತ್ತಿರ ತಗ್ಗಿ ಬಂದ ಚೆಂಡು ಅವಳ ಕೈಗೆ ಸಿಗುತ್ತಿರಲಿಲ್ಲ. ಪ್ರತಿ ಶನಿವಾರ ಅಲ್ಲಿ ಏಳೆಂಟು ಬೀಳುತ್ತಿತ್ತು. ನಾನು ಒಂದೋ ಎರಡೋ ಕಾಳು ಅವಳ ಗುಳಿಗೆ ಹಾಕಿ ಉಳಿದದ್ದನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದೆ. ನನ್ನನ್ನು ಬಿಸಿ ಅನ್ನ ಬಡಿಸಿ ನೋಡಿಕೊಳ್ಳುವ ಸೊಸೆಯ ತಪ್ಪನ್ನು ನಾನೇ ಕಾಳು ಹಾಕಿ ತೋರಿಸುವುದೇ ಎಂದು. ಮನೆಗೆ ಬಂದು ಗಂಟು ಬಿಚ್ಚಿ ಡಬ್ಬಕ್ಕೆ ಹಾಕುವಾಗ ಒಂದು ರೀತಿ ಸಮಾಧಾನವೂ ಆಗುತ್ತಿತ್ತು.

ಆ ದಿನಗಳಲ್ಲಿ ಅಬುಧಾಬಿಯ ಬನಿಯಾಸ್ ಕಡೆಯಿಂದ ಒಂದು ಟೀಮಿನ ಮ್ಯಾನೇಜರ್ ಬಂದರು. ಅವರದ್ದು ಕಾಂಟ್ರಾಕ್ಟರ್ ಒಬ್ಬರು ನಡೆಸುವ ಟೀಮು, ಹೆಸರು ಬರೆದ ಜೆರ್ಸಿ, ಎಸಿ ಬಸ್ಸು. ಆಟಗಾರ್ತಿಯರನ್ನು ಅದಲುಬದಲು ಮಾಡಲು ಬಾಯಮ್ಮನೇ ಕರೆಸಿದ್ದು. ನನ್ನ ಮಣೆಯನ್ನು ಕಂಡು ಮೊದಲು ನಕ್ಕರು. ಇದೇನೆಂದು ಬಾಯಮ್ಮ ವಿವರಿಸಿದ ಮೇಲೆ ಬಗ್ಗಿ ನೋಡಿ, ಈ ಎರಡೇ ಕಾಳು ಇರುವ ಗುಳಿ ಯಾರದ್ದು ಎಂದು ಕೇಳಿದರು. ನಾನು ಸೆರಗಿನ ಗಂಟನ್ನು ಮಡಿಲಲ್ಲಿ ಒತ್ತಿ ಹಿಡಿದೆ. ಬಾಯಮ್ಮ ನಿಮ್ಮ ಅಮ್ಮನ ಕಡೆ ಬೆರಳು ತೋರಿಸಿದರು.

ಅಂದೇ ಮಾತು ಮುಗಿಯಿತು. ನಿಮ್ಮ ಅಮ್ಮ, ಜೊತೆಗೆ ಇನ್ನೊಬ್ಬ ಹಳೆಯ ಆಟಗಾರ್ತಿ, ಇಬ್ಬರೂ ಬನಿಯಾಸ್ ಟೀಮಿಗೆ. ಅಲ್ಲಿಂದ ನಮಗೆ ಮೂವರು ಹುಡುಗಿಯರು, ಹದಿನೈದು ಹದಿನಾರು ವರ್ಷದವರು, ಆಡಲು ಅವಕಾಶ ಸಿಗದೆ ಬೆಂಚಿನಲ್ಲಿ ಕೂರುತ್ತಿದ್ದವರು. ಇಲ್ಲಿ ಕೆಲಸ ಬಿಡುವಾಗ ಕಂಪನಿಯಿಂದ ಎನ್‌ಒಸಿ ಕೇಳುತ್ತಾರಲ್ಲ, ನಮ್ಮವರು ಅದನ್ನು ಆಟಕ್ಕೂ ತಂದಿದ್ದರು. ಹಳೆಯ ಟೀಮಿನ ಸಹಿ ಇಲ್ಲದೆ ಯಾರೂ ಹೊಸ ಟೀಮಿಗೆ ಆಡುವಂತಿಲ್ಲ. ಬಾಯಮ್ಮ ಟೈಲ್ಸ್ ಪೆಟ್ಟಿಗೆಯ ಮೇಲೆ ಕಾಗದ ಇಟ್ಟು ಸಹಿ ಹಾಕಿದರು.

ದೊಡ್ಡ ಗಲಾಟೆಯಾಯಿತು. ತಾಲೂಕಿನ ಟೀಮಿನಿಂದ ತಾಲೂಕಿನ ಹೆಂಗಸರನ್ನೇ ಕಳಿಸಿ, ಊರು ಯಾವುದೆಂದು ಕೇಳಿದರೆ "ಅಬುಧಾಬಿ" ಎನ್ನುವ ಮಕ್ಕಳನ್ನು ತರುವುದೇ? ಗಂಡಸರು ಫೋನು ಮಾಡಿ ಕೇಳಿದರು, ವಾಟ್ಸಾಪಿನಲ್ಲಿ ಚುಚ್ಚಿದರು. ಬಾಯಮ್ಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟರಂತೆ: "ಬರುವ ವರ್ಷ ನಾವು ಪುನಃ ಸೋಲ್ತೇವೆ. ಅದರ ಮುಂದಿನ ವರ್ಷ ಬಂದು ನನ್ನನ್ನು ಕೇಳಿ."

ನಿಮ್ಮ ಅಮ್ಮ ಅತ್ತಳು. ಎಲ್ಲರಿಗಿಂತ ಚೆನ್ನಾಗಿ ಆಡಿದ್ದಕ್ಕೆ ಇದು ಬಹುಮಾನವೇ ಮಾಮಿ ಎಂದು ನನ್ನನ್ನು ಕೇಳಿದಳು. ನಾನು ಅಕ್ಕಿ ಆರಿಸುತ್ತಲೇ ಇದ್ದೆ. ಅವಳನ್ನು ಉಳಿಸಲು ಹೋಗಿ ಕಳಿಸಿದವಳು ನಾನೇ. ಅಂದಿನಿಂದ ಅವಳು ಶನಿವಾರ ಬನಿಯಾಸಿಗೆ ಹೋದಳು. ನಾನು ಗೋದಾಮಿಗೆ ಹೋದೆ. ನನ್ನನ್ನು ಅವಳು ತಡೆಯಲಿಲ್ಲ, ಆದರೆ ಅಲ್ಲಿಯ ವಿಷಯ ಒಂದನ್ನೂ ಕೇಳುತ್ತಿರಲಿಲ್ಲ.

ಹೊಸ ಹುಡುಗಿಯರಲ್ಲಿ ಜೆನಿಶಾ ಎಂಬವಳು ಎಡಗೈಯವಳು. ಬನಿಯಾಸಿನವರು ಅವಳಿಗೆ ಬಲಗೈಯಲ್ಲಿ ಎಸೆಯಲು ಕಲಿಸಿ ಕಲಿಸಿ ಸೋತು ಬಿಟ್ಟಿದ್ದರಂತೆ. ಮೊದಲ ದಿನ ಹೆದರಿ ಬಲಗೈಯಲ್ಲೇ ಎಸೆದಳು. ಬಾಯಮ್ಮ ಅವಳ ಎಡ ಮಣಿಕಟ್ಟು ಹಿಡಿದು ಒತ್ತಿ, "ಇಷ್ಟು ಒಳ್ಳೆಯ ನರ ಇಟ್ಟುಕೊಂಡು ಎಂತ ಮಾಡ್ತಿದ್ದಿ ನೀನು?" ಎಂದರು. ಹುಡುಗಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಕೈ ಬದಲಿಸಿದಳು. ಚೆಂಡು ನೆಟ್ ದಾಟಿ ರ‍್ಯಾಕಿನ ಟೈಲ್ಸಿಗೆ ಬಡಿದು ಎರಡು ಒಡೆದವು. ಸ್ಟೋರ್‌ಕೀಪರ್ ತಲೆಯ ಮೇಲೆ ಕೈ ಇಟ್ಟರು. ಬಾಯಮ್ಮ ಚೂರುಗಳನ್ನು ಗುಡಿಸುತ್ತಾ ನಗುತ್ತಿದ್ದರು.

ಹೇಳಿದ ಹಾಗೆಯೇ ಆ ಎರಡನೆಯ ವರ್ಷವೂ ಸೋತೆವು. ಒಂದೂ ಗೆಲ್ಲದೆ ಕೊನೆಗೆ ಬಂದೆವು. ನಂಬರ್ ಕಿತ್ತುಹೋದ ಬನಿಯನ್ ನೋಡಿ ಜನ ನಕ್ಕರು. ವಾಪಸು ಬರುವಾಗ ವ್ಯಾನಿನಲ್ಲಿ ಹುಡುಗಿಯರು ಮುಖ ಮುಚ್ಚಿಕೊಂಡು ಕೂತಿದ್ದರು. ಬಾಯಮ್ಮ ಅವರಿಗೆ ಶಾರ್ಜಾದ ಬೇಕರಿಯಿಂದ ತಂದ ಬನ್ನು ಹಂಚಿ, ಮುಂದಿನ ಶನಿವಾರ ಅರ್ಧ ಗಂಟೆ ಮೊದಲೇ ಬನ್ನಿ ಎಂದರು, ಅಷ್ಟೆ. ಮರುದಿನ ಸಕ್ಕರೆ ಪರೀಕ್ಷೆಗೆ ಹೋದಾಗ ನಾನು, ನಿಮಗೆ ಬೇಸರ ಆಗುವುದಿಲ್ಲವೇ ಎಂದು ಕೇಳಿದೆ. ಅವರು ಸೂಜಿ ತೆಗೆಯುತ್ತಾ, ಜೆನಿಶಾಳ ಗುಳಿಯಲ್ಲಿ ಮೊದಲ ತಿಂಗಳು ಎಷ್ಟು ಕಾಳಿತ್ತು, ಕಳೆದ ತಿಂಗಳು ಎಷ್ಟು ಎಂದು ನನ್ನನ್ನೇ ಕೇಳಿದರು. ಹತ್ತೊಂಬತ್ತು ಎಂದೆ, ಆಮೇಲೆ ಆರು ಎಂದೆ. "ಮತ್ತೆ ಬೇಸರ ಎಂತಕ್ಕೆ?" ಎಂದರು.

ಮೂರನೆಯ ವರ್ಷ ಎರಡು ಪಂದ್ಯ ಗೆದ್ದೆವು. ಬನಿಯಾಸಿನವರಿಗೆ ಆ ವರ್ಷ ಕೆಟ್ಟದಾಯಿತು. ಅವರು ದುಡ್ಡು ಕೊಟ್ಟು ಸೇರಿಸಿದ ದೊಡ್ಡ ಆಟಗಾರ್ತಿಯರೆಲ್ಲ ಒಟ್ಟಿಗೆ ಸುಸ್ತಾಗಿದ್ದರು. ಅವರೂ ಗೆದ್ದದ್ದು ಎರಡೇ. ಕೊನೆಯ ಪಂದ್ಯ ಅವರಿಗೂ ನಮಗೂ ಬಿತ್ತು. ಸೋತವರಿಗೆ ಕೊನೆಯ ಸ್ಥಾನ. ಅವರಿಗೆ ಅದು ಒಂದು ಕೆಟ್ಟ ವರ್ಷ ಮಾತ್ರ. ಸೋತರೆ ನಮ್ಮ ಜಾಗವೇ ಹೋಗುತ್ತದೆ.

ಪಂದ್ಯ ಬನಿಯಾಸಿನ ಒಂದು ಶಾಲೆಯ ಅಂಗಳದಲ್ಲಿ, ಸಂಜೆ ನಾಲ್ಕಕ್ಕೆ. ನಿಹಾಲ್, ನೀನು ನನ್ನ ಮಡಿಲಲ್ಲಿ ನಿದ್ದೆ ಹೋಗಿದ್ದೆ. ಆದ್ಯಾ, ನೀನು ಅಮ್ಮನ ಟೀಮಿನ ಕಡೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ನಿನ್ನ ಅಮ್ಮ ಅಲ್ಲಿ ನಡು ಸಾಲಿನಲ್ಲಿ ಹೆಸರು ಬರೆದ ಜೆರ್ಸಿ ಹಾಕಿಕೊಂಡು ನಿಂತಿದ್ದಳು, ಚೆನ್ನಾಗಿ ಕಾಣುತ್ತಿದ್ದಳು. ಮೊದಲ ಸೆಟ್ ಅವರದ್ದು, ಎರಡನೆಯದು ನಮ್ಮದು. ಮೂರನೆಯದರಲ್ಲಿ ಹನ್ನೆರಡು ಹನ್ನೆರಡು ಆದಾಗ ಬಾಯಮ್ಮ ಟೈಮ್ ಔಟ್ ಕೇಳಿದರು. ಹುಡುಗಿಯರ ಹತ್ತಿರ ಹೋಗದೆ ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತರು. ಕಣ್ಣು ಅಂಗಳದ ಮೇಲೆಯೇ ಇತ್ತು.

"ಅಕ್ಕಾ, ನಿಮ್ಮ ಸೆರಗಿನ ಗಂಟಿನಲ್ಲಿ ಇದ್ದ ಕಾಳುಗಳು, ಆ ಚೆಂಡೆಲ್ಲ ಬಿದ್ದದ್ದು ಎಲ್ಲಿ?"

ಅವರಿಗೆ ಗೊತ್ತಿತ್ತು. ಮೊದಲಿನಿಂದಲೇ ಗೊತ್ತಿತ್ತು.

"ನಾನು ಎಸೆಯುವ ಕೈ ನೋಡುವವಳು. ಬಿದ್ದ ಜಾಗ ನೋಡಿದ್ದು ನೀವು" ಎಂದರು. ಆಮೇಲೆ, "ಹೇಳದಿದ್ದರೂ ನನಗೆ ಏನೂ ಇಲ್ಲ. ಸೊಸೆ ನಿಮ್ಮವಳು" ಎಂದರು.

ನಾನು ನಿಮ್ಮ ಅಮ್ಮನನ್ನು ನೋಡಿದೆ. ಆಮೇಲೆ ನಮ್ಮ ಕಡೆ ನೋಡಿದೆ. ನಲವತ್ತೈದು ದಾಟಿದ ಇಬ್ಬರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದರು. ಜೆನಿಶಾ ಎಡಗೈ ಕೊಡವುತ್ತಿದ್ದಳು. ಎರಡು ವರ್ಷದ ಶನಿವಾರಗಳು ಅಲ್ಲಿ ನಿಂತಿದ್ದವು. ನಿಹಾಲನ ತಲೆಯನ್ನು ಸ್ವಲ್ಪ ಸರಿಸಿ, ನನ್ನ ಎಡ ಮೊಣಕಾಲನ್ನು ಮುಟ್ಟಿ ತೋರಿಸಿದೆ.

ಬಾಯಮ್ಮ ಎದ್ದು ಹೋಗಿ ಜೆನಿಶಾಳಿಗೆ ಒಂದೇ ಮಾತು ಹೇಳಿದರು. ಎಡಗೈಯ ಎಸೆತ ಅಡ್ಡಕ್ಕೆ ಬಂದು ತಗ್ಗುತ್ತದೆ. ಮೊದಲನೆಯದನ್ನು ನಿಮ್ಮ ಅಮ್ಮ ಹೇಗೋ ಹಿಡಿದು, ತಿರುಗಿ ಎಸೆದು ಒಂದು ಪಾಯಿಂಟ್ ತೆಗೆದಳು. ಆಮೇಲೆ ಮೂರು ಬಿದ್ದವು. ಹದಿನೈದು ಹದಿಮೂರು.

ನಮ್ಮವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಿದ್ದರು. ಬಾಯಮ್ಮ "ಖಲಾಸ್" ಎಂದು ಹೇಳಿ ನೆಟ್ಟಿನ ಕೆಳಗೆ ಹೋಗಿ ನಿಮ್ಮ ಅಮ್ಮನ ಕೈ ಹಿಡಿದುಕೊಂಡರು. ಏನು ಹೇಳಿದರೋ ನನಗೆ ಕೇಳಲಿಲ್ಲ.

ಬನಿಯಾಸಿನಿಂದ ಮನೆಗೆ ಒಂದೂವರೆ ಗಂಟೆಯ ದಾರಿ. ನಿಮ್ಮ ಅಪ್ಪ ಕಾರು ಓಡಿಸುತ್ತಿದ್ದ. ಅರ್ಧ ದಾರಿಯಲ್ಲಿ ನಿಮ್ಮ ಅಮ್ಮ ಹಿಂದಕ್ಕೆ ತಿರುಗದೆ, "ಆ ಹುಡುಗಿಗೆ ನನ್ನ ಎಡ ಮೊಣಕಾಲು ಹೇಗೆ ಗೊತ್ತಾಯಿತು ಮಾಮಿ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. "ನಾನು ತೋರಿಸಿದೆ" ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ಉಳಿದದ್ದೂ ಬಂತು. ಗುಳಿ, ಕಾಳು, ಸೆರಗಿನ ಗಂಟು, ಮ್ಯಾನೇಜರ್ ಬಗ್ಗಿ ನೋಡಿದ್ದು, ಎಲ್ಲ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ನಿಮ್ಮ ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಿಮ್ಮ ಅಮ್ಮ ಹೇಳಿದಳು: "ಇವತ್ತು ತೋರಿಸಿದ್ದಕ್ಕೆ ನನಗೆ ಕೋಪ ಇಲ್ಲ. ಅವತ್ತು ಮುಚ್ಚಿಟ್ಟಿರಲ್ಲ, ಅದಕ್ಕೆ. ಹೇಳಿದ್ದರೆ ಕಲಿಯುತ್ತಿದ್ದೆ."

ಮೂರು ದಿನ ನನ್ನೊಡನೆ ಮಾತಿಲ್ಲ. ಊಟ ಬಡಿಸುತ್ತಿದ್ದಳು, ಮಾತ್ರೆ ಎದುರಿಗೆ ಇಡುತ್ತಿದ್ದಳು. ನಾಲ್ಕನೆಯ ದಿನ ಆಫೀಸಿನಿಂದ ಬಂದವಳು ಬಟ್ಟೆ ಬದಲಿಸಿ ಚೆಂಡು ಹಿಡಿದುಕೊಂಡು ನನ್ನ ಎದುರು ನಿಂತಳು. "ಏಳಿ ಮಾಮಿ. ಎಡಗಡೆಗೆ, ತಗ್ಗಿಸಿ ಎಸೆಯಿರಿ. ಮಣೆಯನ್ನೂ ತನ್ನಿ. ಬಿದ್ದದ್ದೆಲ್ಲ ಹಾಕಬೇಕು."

ಬಿಲ್ಡಿಂಗಿನ ಹಿಂದಿನ ಪಾರ್ಕಿಂಗಿನಲ್ಲಿ ಅಜ್ಜಿ ಚೆಂಡು ಎಸೆಯುವುದನ್ನು ನೋಡಿ ನೀವಿಬ್ಬರೂ ನಕ್ಕದ್ದು, ವಾಚ್‌ಮನ್ ವಿಡಿಯೊ ಮಾಡಿದ್ದು ಇದಕ್ಕೇ. ಮೊದಲ ದಿನ ಒಂದೇ ಗುಳಿಯಲ್ಲಿ ಕಾಳು ತುಂಬಿ ಹೊರಗೆ ಚೆಲ್ಲಿತು. ಅವಳು ಅದನ್ನು ನೋಡಿ ಪುನಃ ಹೋಗಿ ನಿಂತಳು. ಮಳೆಗಾಲವಿಲ್ಲದ ಈ ಊರಿನಲ್ಲಿ ಬೇಸಿಗೆ ಬರುವವರೆಗೂ ಬಿಡಲಿಲ್ಲ. ಬನಿಯಾಸ್ ಟೀಮನ್ನೂ ಬಿಡಲಿಲ್ಲ. ಕೇಳಿ ಕರೆದುಕೊಂಡವರನ್ನು ಬಿಟ್ಟು ಬರುವುದಿಲ್ಲ ಎಂದಳು. ಮುಂದಿನ ವರ್ಷ ಜೆನಿಶಾ ಅದೇ ಜಾಗಕ್ಕೆ ಎಸೆದಳು. ನಿಮ್ಮ ಅಮ್ಮ ಹಿಡಿದು ತಿರುಗಿ ಎಸೆದು ನಮ್ಮನ್ನು ಸೋಲಿಸಿದಳು. ಬಾಯಮ್ಮ ಆ ಒಂದು ಸಲ ಮಾತ್ರ ಎದ್ದು ನಿಂತು ಎದುರಾಳಿಗೆ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದೇನೆ.

ಗಂಟಿನ ವಿಷಯ ಗೊತ್ತಿದ್ದೂ ನೀವು ನನ್ನ ಸೊಸೆಯನ್ನು ಯಾಕೆ ಕೊಟ್ಟಿರಿ ಎಂದು ನಾನು ಅವರನ್ನು ಒಮ್ಮೆ ಕೇಳಿದ್ದೆ. "ಕೇಳಿದ್ದು ಅವರು, ನಾನು ಹೊಗಳಲಿಲ್ಲ" ಎಂದು ನಕ್ಕರು. ಆಮೇಲೆ, ಅವಳು ಇಲ್ಲಿ ಇದ್ದಿದ್ದರೆ ನೀವು ಗಂಟು ಬಿಚ್ಚುತ್ತಲೇ ಇರಲಿಲ್ಲ ಎಂದರು. ಅದು ಎಷ್ಟು ನಿಜ, ಎಷ್ಟು ಅವರ ಜಾಣತನ, ನನಗೆ ಇನ್ನೂ ಗೊತ್ತಿಲ್ಲ.

ಹೊರಡುವ ಹಿಂದಿನ ದಿನ ಮನೆಗೆ ಬಂದಿದ್ದರು. ಜೆನಿಶಾ ಈಗ ಕಾಲೇಜಿಗೆ ಹೋಗುತ್ತಾಳೆ, ಟೀಮಿನಲ್ಲಿ ಅವಳೇ ಎಲ್ಲರಿಗಿಂತ ಮುಂದೆ. ಬರುವ ಚಳಿಗಾಲದಲ್ಲಿ ದೊಡ್ಡ ಟೀಮಿನವರೆಲ್ಲ ಅವಳನ್ನು ಕೇಳುತ್ತಾರೆ, ಹಿಡಿದಿಟ್ಟುಕೊಳ್ಳಬೇಡಿ, ಬೆಂಚಿನಲ್ಲಿ ಕೂತ ಇಬ್ಬರು ಸಣ್ಣವರನ್ನು ಕೇಳಿ ತೆಗೆದುಕೊಳ್ಳಿ ಎಂದು ಹೇಳಿ ಹೋದರು. ಸಹಿ ಮಾಡುವ ಕೆಲಸ ನನಗೆ ಒಪ್ಪಿಸಿದ್ದಾರೆ. ನನಗೆ ಆಗುವುದಿಲ್ಲ ಎಂದೆ. "ಟೈಲ್ಸ್ ಎಣಿಸಿದವರಿಗೆ ಇದೆಂತ ದೊಡ್ಡದು?" ಎಂದರು. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ, ಆದ್ಯಾ, ನಿನ್ನ ಮಣಿಕಟ್ಟು ಹಿಡಿದು ಒತ್ತಿ ನೋಡಿದರು. ನೀನು ಕೈ ಎಳೆದುಕೊಂಡೆ. ಅವರು ನನ್ನ ಕಡೆ ನೋಡಿ ಹೌದೆಂಬಂತೆ ತಲೆ ಆಡಿಸಿದರು.

ಈ ಶನಿವಾರ ನೀನು ನನ್ನೊಡನೆ ಗೋದಾಮಿಗೆ ಬರುತ್ತೀ. ನಿನ್ನ ಅಮ್ಮನನ್ನು ಕೇಳಿದ್ದೇನೆ, ಒಪ್ಪಿದ್ದಾಳೆ. ಒಂದು ಮಾತು ಮಾತ್ರ ಹೇಳಿದಳು, ಅದನ್ನು ಅವಳು ಹೇಳಬೇಕಾಗಿರಲಿಲ್ಲ. ನನ್ನ ಮೊಮ್ಮಗಳೆಂದು ನಾನು ಒಂದು ಕಾಳನ್ನೂ ಬಿಡುವುದಿಲ್ಲ. ಆ ದಿನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೂರುತ್ತೇನೆ.

ಈ ಹಾಳೆಗಳನ್ನು ಮಡಚಿ ಚೆನ್ನೆಮಣೆಯ ಒಳಗೆ, ಕಾಳುಗಳ ಕೆಳಗೆ ಇಡುತ್ತಿದ್ದೇನೆ. ನಮ್ಮ ಮಣೆ ಪುಸ್ತಕದ ಹಾಗೆ ಮುಚ್ಚಿಕೊಳ್ಳುತ್ತದೆ, ಕಾಗದ ಹಾಳಾಗುವುದಿಲ್ಲ. ಮನೆ ಬದಲಿಸುವಾಗ, ದೇಶ ಬದಲಿಸುವಾಗ ಮಣೆಯ ಜೊತೆ ಇವನ್ನೂ ತೆಗೆದುಕೊಂಡು ಹೋಗಿ ಮಕ್ಕಳೇ. ಒತ್ತಕ್ಷರ ಓದಲು ಬಂದ ದಿನ ತೆರೆಯಿರಿ. ಅಲ್ಲಿಯವರೆಗೆ ಒಂದು ಹಾಳೆಯೂ ಕಳೆಯದ ಹಾಗೆ ನೋಡಿಕೊಳ್ಳಿ. ಒಟ್ಟು ಒಂಬತ್ತು ಇವೆ, ಎಣಿಸಿಯೇ ಇಟ್ಟಿದ್ದೇನೆ.